ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸೋದು ಯಾರು? ಒಂದು ಹಾಸಿಗೆ ಹುಣ್ಣಿನ ಪ್ರಕರಣ

ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ತಂಡವೊಂದರಲ್ಲಿ ನಾನು ನರ್ಸ್. ಇದು ಹಳೇ ಮೈಸೂರು ಕಡೆಯ ಒಂದು ಹಳ್ಳಿ ಮನೆಯ ಪ್ರಕರಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಣ್ಣು, ಅದರ ಅಳತೆ, ಅದು ಮಾಯ್ದ ರೀತಿ ಇವುಗಳನ್ನು ಬದಲಿಸಿಲ್ಲ.

ರೋಗಿ ಎಪ್ಪತ್ತು ದಾಟಿದ ಅಜ್ಜಿ. ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಗಿತ್ತು. ಮಾತು ಸ್ಪಷ್ಟವಾಗಿತ್ತು, ನುಂಗಲು ತೊಂದರೆ ಇರಲಿಲ್ಲ. ಈ ಎರಡು ವಿಷಯ ಮುಂದೆ ತುಂಬಾ ಉಪಯೋಗಕ್ಕೆ ಬಂದವು. ಮನೆಯಲ್ಲಿ ಅಜ್ಜಿಯ ಯಜಮಾನರು, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಮಗನಿಗೆ ಬೆಂಗಳೂರಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಎರಡು ಹಸು, ಒಂದಿಷ್ಟು ತೆಂಗಿನ ತೋಟ. ಹಾಲು ಕರೆಯೋದು, ಅಡುಗೆ, ಅಜ್ಜಿಯ ಆರೈಕೆ ಮೂರೂ ಸೊಸೆಯದೇ.

ಆಸ್ಪತ್ರೆಯಿಂದ ಬರುವಾಗ ಅಜ್ಜಿಯ ಬೆನ್ನು ಚೆನ್ನಾಗಿತ್ತಂತೆ. ಬಾಲದ ಮೂಳೆ ಮೇಲೆ ಒಂದು ಕಡೆ ಚರ್ಮ ಸ್ವಲ್ಪ ಕಪ್ಪಾಗಿ, ಬಿಸಿಯಾಗಿ ಇದ್ದದ್ದು ಸೊಸೆಗೆ ನೆನಪಿದೆ. ಮಲಗಿ ಮಲಗಿ ಹಾಗಾಗಿದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದ್ದಾರೆ. ಯಾರೇ ಆದರೂ ಹಾಗೇ ಮಾಡ್ತಾರೆ, ಅಲ್ವಾ? ಆದರೆ ಒತ್ತಡಕ್ಕೆ ಸಿಕ್ಕಿ ನೊಂದ ಜಾಗವನ್ನು ತಿಕ್ಕಬಾರದು. ಒಳಗೆ ಆಗಲೇ ಪೆಟ್ಟಾಗಿರುವ ಸಣ್ಣ ರಕ್ತನಾಳಗಳು ಇನ್ನಷ್ಟು ಹರಿಯುತ್ತವೆ. ಬೆಳ್ಳಗಿನ ಚರ್ಮದಲ್ಲಿ ಈ ಜಾಗ ಕೆಂಪಗೆ ಕಾಣುತ್ತದೆ. ನಮ್ಮಂಥ ಕಂದು ಮೈಬಣ್ಣದಲ್ಲಿ ಕೆಂಪು ಕಾಣೋದು ಕಷ್ಟ. ಸುತ್ತಲಿನ ಚರ್ಮಕ್ಕಿಂತ ಕಪ್ಪು ಅಥವಾ ನೇರಳೆ ಛಾಯೆ, ಮುಟ್ಟಿದರೆ ಬಿಸಿ, ಒತ್ತಿದರೆ ಗಟ್ಟಿ ಅಥವಾ ಮೆತ್ತಗೆ, ರೋಗಿಗೆ ನೋವು ಇವೇ ಸುಳಿವು.

ನಾವು ಹೋಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಬಾಲದ ಮೂಳೆ ಮೇಲೆ 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಕಪ್ಪು ಹಕ್ಕಳೆ. ಅದರ ಅಂಚಿನಿಂದ ಕೀವು, ಕೋಣೆ ತುಂಬಾ ವಾಸನೆ. ಸುತ್ತ ಚರ್ಮ ಬಿಸಿ. ಜ್ವರ 101 ಡಿಗ್ರಿ. ಎಡ ಹಿಮ್ಮಡಿಯಲ್ಲಿ ಇನ್ನೊಂದು ಕಪ್ಪು ಹಕ್ಕಳೆ. ಅದು ಒಣಗಿತ್ತು, ಅಂಚಿನಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಕಾಲಿಗೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿರಲಿಲ್ಲ, ಹಾಗಾಗಿ ಅಜ್ಜಿ ಅದರ ಬಗ್ಗೆ ದೂರು ಹೇಳಿರಲೇ ಇಲ್ಲ.

ಬ್ರೇಡನ್ ಸ್ಕೇಲ್ ಅಂತ ಒಂದು ಅಂಕಪಟ್ಟಿ ಇದೆ. 1987ರಿಂದ ಬಳಕೆಯಲ್ಲಿದೆ. ಸ್ಪರ್ಶಜ್ಞಾನ, ತೇವ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಊಟ, ಚರ್ಮದ ಎಳೆತ ಹೀಗೆ ಆರು ವಿಷಯಕ್ಕೆ ಅಂಕ. ಒಟ್ಟು 6ರಿಂದ 23. ಅಂಕ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯ ಇದೆ ಅಂತ ಲೆಕ್ಕ. ಈ ಅಜ್ಜಿಗೆ ಬಂದದ್ದು 11. ಆಸ್ಪತ್ರೆಯಿಂದ ಹೊರಡುವ ದಿನ ಯಾರಾದರೂ ಹತ್ತು ನಿಮಿಷ ಕೂತು ಈ ಲೆಕ್ಕ ಹಾಕಿದ್ದರೆ ಚೆನ್ನಾಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಎಂಟು ಮಾತ್ರೆಗಳ ಹೆಸರಿತ್ತು, ಬೆನ್ನಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮನೆಯವರು ಆಗಲೇ ಮಾಡಿದ್ದು

ಅವರು ಸುಮ್ನೆ ಕೂತಿರಲಿಲ್ಲ. ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದು ದಿನಕ್ಕೆ ಎರಡು ಸಲ ಸುರಿದಿದ್ದಾರೆ. ನೊರೆ ಬಂದರೆ ಕೊಳೆ ಹೋಯ್ತು ಅನ್ನೋ ನಂಬಿಕೆ. ಅದರ ಮೇಲೆ ಆಂಟಿಬಯಾಟಿಕ್ ಪೌಡರ್. ಪೆರಾಕ್ಸೈಡ್ ಹೊಸದಾಗಿ ಬೆಳೆಯುವ ಕೋಶಗಳನ್ನೂ ಸುಡುತ್ತದೆ. ಪೌಡರ್ ಕೀವಿನ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ.

ರಬ್ಬರಿನ ಗಾಳಿ ರಿಂಗ್ ಕೂಡ ತಂದಿದ್ದರು. ಹುಣ್ಣು ರಿಂಗಿನ ತೂತಿನಲ್ಲಿ ತೇಲುತ್ತದೆ ಅಂತ ಅಂದುಕೊಳ್ಳುತ್ತೇವೆ. ನಿಜಕ್ಕೂ ರಿಂಗಿನ ಅಂಚು ಸುತ್ತಲಿನ ಚರ್ಮವನ್ನು ಒತ್ತಿ, ಹುಣ್ಣಿಗೆ ಬರುವ ರಕ್ತವನ್ನೇ ತಡೆಯುತ್ತದೆ. ಇದನ್ನು ಈಗಲೂ ಅಂಗಡಿಗಳಲ್ಲಿ ಬೆಡ್‌ಸೋರ್‌ಗೆ ಅಂತಲೇ ಮಾರುತ್ತಾರೆ, ನನಗೆ ಪ್ರತಿ ಸಲ ಸಿಟ್ಟು ಬರುತ್ತದೆ.

ಮಂಚದ ಮೇಲೆ ಪಂಪ್ ಇರುವ ಏರ್ ಬೆಡ್ ಇತ್ತು. ಮೂರ್ನಾಲ್ಕು ಸಾವಿರ ಕೊಟ್ಟು ಮಗ ತಂದದ್ದು. ಅದರ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಮಡಿಸಿದ ಜಮಖಾನೆ, ಅದರ ಮೇಲೆ ಹತ್ತಿ ಬೆಡ್‌ಶೀಟ್. ಇಷ್ಟೆಲ್ಲಾ ಹಾಸಿದ ಮೇಲೆ ಕೆಳಗಿನ ಗಾಳಿ ಕೆಲಸ ಮಾಡುವುದು ಹೇಗೆ? ಜೊತೆಗೆ ಆ ಊರಲ್ಲಿ ಕರೆಂಟ್ ಹೋಗೋದು ಮಾಮೂಲು. ಪಂಪ್ ನಿಂತರೆ ಬೆಡ್ ನಿಧಾನಕ್ಕೆ ಇಳಿದು ಅಜ್ಜಿ ಹಲಗೆಗೆ ತಾಗುತ್ತಿದ್ದರು.

ಇವೆಲ್ಲದರ ಜೊತೆಗೆ ಒಂದು ಚಾರ್ಟ್ ಇತ್ತು. ಹತ್ತಿರದ ಕ್ಲಿನಿಕ್ಕಿನವರು ಬರೆದು ಕೊಟ್ಟದ್ದು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಟಿಕ್ ಹಾಕಬೇಕು ಅಂತ. ಒಂದು ಖಾನೆಯೂ ಖಾಲಿ ಇರಲಿಲ್ಲ. ಬೆಳಗಿನ ಜಾವ 2 ಗಂಟೆ, 4 ಗಂಟೆಗೂ ಟಿಕ್ ಇತ್ತು. ಎಲ್ಲಾ ಒಂದೇ ಪೆನ್ನು, ಒಂದೇ ಓರೆ. ನಾಳೆಯ ಬೆಳಗಿನ ಖಾನೆಗೂ ಟಿಕ್ ಬಿದ್ದಿತ್ತು.

ಮೊದಲ ನಿರ್ಧಾರ: ಯಾವುದನ್ನು ಕತ್ತರಿಸಬೇಕು, ಯಾವುದನ್ನು ಬಿಡಬೇಕು

ಜ್ವರ, ಕೀವು, ಹರಡುತ್ತಿರುವ ಬಿಸಿ ಇದ್ದಾಗ ಮನೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಾ ಕೂರುವ ಹಾಗಿಲ್ಲ. ಸೋಂಕು ರಕ್ತಕ್ಕೆ ಇಳಿದರೆ ಈ ವಯಸ್ಸಿನವರು ಉಳಿಯುವುದೇ ಕಷ್ಟ. ಅದೇ ದಿನ ಆಸ್ಪತ್ರೆಗೆ ಕಳಿಸಿದೆವು. ಸರ್ಜನ್ ಬಾಲದ ಮೂಳೆ ಮೇಲಿನ ಹಕ್ಕಳೆ, ಕೆಳಗಿನ ಸತ್ತ ಮಾಂಸ ತೆಗೆದರು. ಮೂಳೆವರೆಗೆ ಹೋಗಿರಲಿಲ್ಲ. ಆಂಟಿಬಯಾಟಿಕ್ ಶುರುವಾಯಿತು. ಸಕ್ಕರೆ 280 ಇದ್ದದ್ದರಿಂದ ಇನ್ಸುಲಿನ್ ಕೂಡ ಬಂತು. ಹಿಮೋಗ್ಲೋಬಿನ್ 8.6, ಅಂದರೆ ರಕ್ತ ಕಡಿಮೆ.

ಹಿಮ್ಮಡಿಯ ಹಕ್ಕಳೆಯನ್ನು ಮಾತ್ರ ಮುಟ್ಟಲಿಲ್ಲ. ಮನೆಯವರಿಗೆ ಇದು ವಿಚಿತ್ರ ಅನ್ನಿಸಿತು. ಎರಡೂ ಕಪ್ಪಗೇ ಇವೆ, ಒಂದನ್ನು ಕತ್ತರಿಸಿ ಇನ್ನೊಂದನ್ನು ಯಾಕೆ ಬಿಟ್ಟರು? ಬಾಲದ ಮೂಳೆಯದರ ಕೆಳಗೆ ಕೀವಿತ್ತು, ಅದು ಹೊರಬರಲೇಬೇಕು. ಹಿಮ್ಮಡಿಯದು ಒಣಗಿತ್ತು, ಬಿಗಿಯಾಗಿತ್ತು, ಸುತ್ತ ಕೆಂಪಿರಲಿಲ್ಲ, ವಾಸನೆಯಿರಲಿಲ್ಲ. ಹಿಮ್ಮಡಿಯಲ್ಲಿ ಚರ್ಮದ ಕೆಳಗೆ ಮೂಳೆ ಬಹಳ ಹತ್ತಿರ. ಸಕ್ಕರೆ ಕಾಯಿಲೆಯವರ ಕಾಲಿಗೆ ರಕ್ತವೂ ಕಡಿಮೆ. ಅಂಥ ಕಡೆ ಒಣ ಹಕ್ಕಳೆಯೇ ಮುಚ್ಚಳ. ಒಣಗಿಸಿಟ್ಟು, ಒತ್ತಡ ತಪ್ಪಿಸಿ, ದಿನಾ ನೋಡುತ್ತಿರಬೇಕು. ಅದು ಮೆತ್ತಗಾದರೆ, ಸೋರಿದರೆ, ಸುತ್ತ ಊದಿಕೊಂಡರೆ ಆಗ ಮಾತು ಬೇರೆ.

ಸತ್ತ ಮಾಂಸ ತೆಗೆದ ಮೇಲೆ ಹುಣ್ಣಿನ ಅಳತೆ ಹೀಗಿತ್ತು: 7 ಸೆಂಟಿಮೀಟರ್ ಉದ್ದ, 6 ಅಗಲ, 2.5 ಆಳ. ಬಲ ಅಂಚಿನ ಕೆಳಗೆ ಚರ್ಮದಡಿ ಇನ್ನೂ 2 ಸೆಂಟಿಮೀಟರ್ ಟೊಳ್ಳು. ಮೂರನೇ ಹಂತದ ಹುಣ್ಣು, ಅಂದರೆ ಚರ್ಮ ಪೂರ್ತಿ ಹೋಗಿ ಅದರಡಿಯ ಕೊಬ್ಬಿನ ಪದರಕ್ಕೆ ಇಳಿದದ್ದು. "ನಾಲ್ಕು ಬೆರಳಷ್ಟು ಇದ್ದದ್ದನ್ನ ಅಂಗೈ ಅಗಲ ಮಾಡಿ ಕಳಿಸಿದ್ದಾರೆ" ಅಂತ ಯಜಮಾನರು ಕೂಗಾಡಿದರು. ಇಲ್ಲಿಗೇ ಕೆಲವು ಮನೆಯವರು ಚಿಕಿತ್ಸೆ ಬಿಟ್ಟು ನಾಟಿ ಔಷಧಿಗೆ ಹೋಗುತ್ತಾರೆ. ಒತ್ತಡ ಜಾಸ್ತಿ ಬೀಳುವುದು ಮೂಳೆಯ ಪಕ್ಕದ ಮಾಂಸಕ್ಕೆ. ಅದು ಚರ್ಮಕ್ಕಿಂತ ಮೊದಲೇ ಸಾಯುತ್ತದೆ. ಹಾಗಾಗಿ ಮೇಲೆ ಕಾಣುವುದು ಚಿಕ್ಕದು, ಒಳಗಿನ ಹಾಳು ದೊಡ್ಡದು. ಇದನ್ನು ಸರ್ಜನ್ ಕತ್ತರಿಸುವ ಮೊದಲೇ ಹೇಳಿರಬೇಕು, ಆಮೇಲೆ ಹೇಳಿದರೆ ಸಬೂಬಿನಂತೆ ಕೇಳುತ್ತದೆ. ಈ ಮನೆಯಲ್ಲಿ ಸೊಸೆಗೆ ಹಿಂದಿನ ದಿನವೇ ಹೇಳಿದ್ದೆವು. ಮಾವನನ್ನು ಸಮಾಧಾನ ಮಾಡಿದ್ದು ಅವಳೇ.

ಚಾರ್ಟ್ ಬಿಟ್ಟು ಮನೆಯ ಗಡಿಯಾರ ಹಿಡಿದದ್ದು

ಟಿಕ್‌ಗಳ ಬಗ್ಗೆ ಸೊಸೆಯನ್ನು ಕೇಳಬೇಕಿತ್ತು. ಆದರೆ ಅದು ವಿಚಾರಣೆ ಥರ ಆಗಬಾರದು. ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ ಅಂತ ಕೇಳಿದೆ. ನಾಲ್ಕೂವರೆಗೆ, ಹಾಲು ಕರೆಯೋಕೆ. ಮಲಗೋದು? ಹನ್ನೊಂದಕ್ಕೆ. ಮಧ್ಯೆ ಎರಡು ಸಲ ಎದ್ದು ಅತ್ತೆಯನ್ನು ಹೊರಳಿಸಬೇಕು. ಒಬ್ಬಳೇ. ಎರಡು ಮೂರು ರಾತ್ರಿ ಮಾಡಿದ್ದಾಳೆ, ಆಮೇಲೆ ಅಲಾರಂ ಹೊಡೆದರೂ ಎಚ್ಚರವಾಗಿಲ್ಲ. ಡಾಕ್ಟರು ಬೈತಾರೆ ಅಂತ ಟಿಕ್ ಹಾಕಿದ್ದಾಳೆ.

ಎರಡು ಗಂಟೆಯ ನಿಯಮ ಆಸ್ಪತ್ರೆಯದು. ಅಲ್ಲಿ ಪಾಳಿ ಬದಲಾಗುತ್ತದೆ. ಮನೆಯಲ್ಲಿ ಪಾಳಿ ಎಲ್ಲಿ? 2013ರಲ್ಲಿ ಪ್ರಕಟವಾದ ಟರ್ನ್ ಅನ್ನುವ ಅಧ್ಯಯನ ಅಮೆರಿಕ ಮತ್ತು ಕೆನಡಾದ ನರ್ಸಿಂಗ್ ಹೋಮ್‌ಗಳಲ್ಲಿ ನಡೆದದ್ದು. ಒಳ್ಳೆಯ ಫೋಮ್ ಹಾಸಿಗೆ ಇದ್ದಾಗ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರ ನಡುವೆ ಹೊಸ ಹುಣ್ಣಿನ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರು ಹುಣ್ಣಿಲ್ಲದ ಜನ, ನಮ್ಮ ಅಜ್ಜಿಗೆ ಆಗಲೇ ಹುಣ್ಣಿದೆ. ಹಾಗಾಗಿ ಅದನ್ನು ಹಾಗೇ ಎತ್ತಿ ತಂದು ಇಲ್ಲಿಡಲು ಆಗುವುದಿಲ್ಲ. ಆದರೆ ಕಾಗದದ ಮೇಲಿನ ಎರಡು ಗಂಟೆಗಿಂತ ನಿಜವಾಗಿ ನಡೆಯುವ ನಾಲ್ಕು ಗಂಟೆ ಮೇಲು ಅನ್ನುವ ಧೈರ್ಯ ನಮಗೆ ಬಂತು. ಒಂದೇ ಷರತ್ತು, ಹಾಸಿಗೆ ಸರಿಯಾಗಿರಬೇಕು.

ಹಾಸಿಗೆ ಸರಿ ಮಾಡಿದೆವು. ರಬ್ಬರ್ ಶೀಟು, ಜಮಖಾನೆ ತೆಗೆದು ಒಂದೇ ಹತ್ತಿ ಬೆಡ್‌ಶೀಟ್, ಸಡಿಲವಾಗಿ. ಏರ್ ಬೆಡ್ ಕೆಳಗೆ ನಾಲ್ಕು ಇಂಚಿನ ಗಟ್ಟಿ ಫೋಮ್. ಕರೆಂಟ್ ಹೋದರೂ ಹಲಗೆ ತಾಗುವುದಿಲ್ಲ. ಗಾಳಿ ಸಾಕೋ ಇಲ್ಲವೋ ನೋಡಲು ಏರ್ ಬೆಡ್ ಅಡಿಗೆ, ಅಜ್ಜಿಯ ಸೊಂಟದ ನೇರಕ್ಕೆ, ಅಂಗೈ ಮೇಲೆ ಮಾಡಿ ಕೈ ತೂರಿಸಬೇಕು. ಅಂಗೈಗೂ ಸೊಂಟಕ್ಕೂ ನಡುವೆ ಒಂದು ಇಂಚಾದರೂ ಗಾಳಿಯ ದಪ್ಪ ಇರಬೇಕು, ಮೂಳೆ ಕೈಗೆ ಸಿಗಬಾರದು. ಇದನ್ನು ಮೊಮ್ಮಗಳು ಕಲಿತಳು, ದಿನಾ ಸಂಜೆ ಅವಳದೇ ಪರೀಕ್ಷೆ.

ಹೊರಳಿಸುವ ಹೊತ್ತುಗಳನ್ನು ಮನೆಯ ಕೆಲಸಕ್ಕೆ ಗಂಟು ಹಾಕಿದೆವು. ಬೆಳಗಿನ ಹಾಲು ಕರೆಯುವ ಮುಂಚೆ, ತಿಂಡಿಗೆ, ಹತ್ತು ಗಂಟೆಯ ಕಾಫಿಗೆ, ಊಟಕ್ಕೆ, ಮೊಮ್ಮಗಳು ಶಾಲೆಯಿಂದ ಬಂದಾಗ, ಸಂಜೆ ಹಾಲಿಗೆ, ಧಾರಾವಾಹಿ ಹೊತ್ತಿಗೆ, ಮಲಗುವಾಗ. ಮಧ್ಯರಾತ್ರಿ ಒಂದೇ ಸಲ, ಎರಡು ಗಂಟೆ ಸುಮಾರಿಗೆ. ಅದು ಯಜಮಾನರ ಪಾಲು. ಹೇಗೂ ಅವರು ಆ ಹೊತ್ತಿಗೆ ಬಚ್ಚಲಿಗೆ ಏಳುತ್ತಿದ್ದರು. ಎಂಬತ್ತರ ಹತ್ತಿರದವರು ಒಬ್ಬರೇ ಪೂರ್ತಿ ಹೊರಳಿಸಲಾರರು. ಅದಕ್ಕೇ 30 ಡಿಗ್ರಿ ಓರೆ ಅನುಕೂಲ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲಾ ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ, ಅಲ್ಲೊಂದು ಹೊಸ ಹುಣ್ಣು. ಬೆನ್ನ ಹಿಂದೆ ಒಂದು ದಿಂಬು ಕೊಟ್ಟು ಸ್ವಲ್ಪವೇ ಓರೆ ಮಾಡಿದರೆ ಸಾಕು, ಬಾಲದ ಮೂಳೆ ಹಾಸಿಗೆ ಬಿಡುತ್ತದೆ. ರಾತ್ರಿ ಅವರು ಮಾಡಬೇಕಾದದ್ದು ದಿಂಬು ಈ ಕಡೆಯಿಂದ ತೆಗೆದು ಆ ಕಡೆ ಇಡುವುದು, ಅಷ್ಟೇ. ಅಜ್ಜಿಯನ್ನು ಮೇಲಕ್ಕೆ ಸರಿಸಬೇಕಾದಾಗ ಮಾತ್ರ ಇಬ್ಬರು ಬೇಕು. ಸೊಂಟದಡಿ ಹಾಸಿದ ಮಡಿಸಿದ ಸೀರೆಯ ಎರಡು ತುದಿ ಹಿಡಿದು ಎತ್ತಬೇಕು. ಕಂಕುಳಿಗೆ ಕೈ ಹಾಕಿ ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಜಾರುತ್ತದೆ.

ಕಾಲಿಗೆ ಮೀನಖಂಡದ ಉದ್ದಕ್ಕೂ ದಿಂಬು, ಹಿಮ್ಮಡಿ ಗಾಳಿಯಲ್ಲಿ. ಮಂಡಿ ತುಸು ಮಡಿಸಿರಬೇಕು.

ಇಷ್ಟಾದರೂ ಎಡ ಮಗ್ಗಲಿಗೆ ಮಾಡಿದಾಗಲೆಲ್ಲಾ ಅಜ್ಜಿ ಬಲಗೈಯಿಂದ ಮಂಚ ಹಿಡಿದು ಮತ್ತೆ ಅಂಗಾತ ಬರುತ್ತಿದ್ದರು. ಹಟ ಅಂತ ಮನೆಯವರು ಅಂದುಕೊಂಡಿದ್ದರು. ಯಾಕಜ್ಜಿ ಅಂತ ಕೇಳಿದಾಗ ಬಂದ ಉತ್ತರ: "ಆ ಕಡೆ ಮಾಡಿದ್ರೆ ಬರೀ ಗೋಡೆ ಕಾಣುತ್ತೆ ಕಣಮ್ಮ." ಮಂಚ ಗೋಡೆಗೆ ಒತ್ತಿತ್ತು. ಎಳೆದು ಕೋಣೆಯ ನಡುವಿಗೆ ತಂದು, ದಿಕ್ಕು ತಿರುಗಿಸಿದೆವು. ಈಗ ಒಂದು ಕಡೆ ಟಿವಿ, ಇನ್ನೊಂದು ಕಡೆ ಬಾಗಿಲು, ಕೊಟ್ಟಿಗೆ. ಮಾತಾಡಬಲ್ಲ ರೋಗಿ ಅವರು, ಆದರೂ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ನಂಜಿನ ಜಗಳ

ಅಜ್ಜಿಯ ತೂಕ ಸುಮಾರು 48 ಕಿಲೋ. ಹುಣ್ಣು ಮಾಯಲು ಕಿಲೋಗೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ ದಿನಕ್ಕೆ 60ರಿಂದ 72 ಗ್ರಾಂ. ಅವರಿಗೆ ಸಿಗುತ್ತಿದ್ದದ್ದು ಅಕ್ಕಿ ಗಂಜಿ, ತಿಳಿಸಾರು, ಒಂದು ಲೋಟ ಹಾಲು. ಲೆಕ್ಕ ಹಾಕಿದರೆ 20 ಗ್ರಾಂ ದಾಟುವುದಿಲ್ಲ.

ಕಾರಣ ಬಡತನ ಅಲ್ಲ. ಮನೆಯಲ್ಲಿ ಹಾಲಿದೆ, ಕೋಳಿ ಇದೆ, ಕಡಲೆಕಾಯಿ ಮೂಟೆ ಇದೆ. ಆದರೆ ಗಾಯ ಇದ್ದವರಿಗೆ ಮೊಟ್ಟೆ ನಂಜು, ಬೇಳೆ ನಂಜು, ಕಡಲೆಕಾಯಿ ನಂಜು. ತಿಂದರೆ ಕೀವಾಗುತ್ತದೆ ಅಂತ ಯಜಮಾನರ ಪಟ್ಟು. ಇದಕ್ಕೆ ಎದುರು ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ಹಾಗಾಗಿ ನಂಜಲ್ಲದ್ದು ಯಾವುದು ಅಂತ ಅವರನ್ನೇ ಕೇಳಿದೆವು. ಹಾಲು, ಮೊಸರು, ಹೆಸರುಬೇಳೆ, ರಾಗಿ ಆಗಬಹುದು ಅಂದರು. ಸರಿ, ಅಲ್ಲಿಂದಲೇ ಶುರು. ಹಾಲಿನಲ್ಲಿ ಕಲಸಿದ ರಾಗಿ ಅಂಬಲಿ, ಗಟ್ಟಿ ಹೆಸರುಬೇಳೆ ತೊವ್ವೆ, ಎರಡು ಹೊತ್ತೂ ಮೊಸರು. ಕಿಡ್ನಿ ಪರೀಕ್ಷೆ ಸರಿಯಿದೆ ಅಂತ ನೋಡಿಕೊಂಡೇ ಇದನ್ನು ಮಾಡಿದ್ದು, ಸಕ್ಕರೆ ಕಾಯಿಲೆಯವರಲ್ಲಿ ಅದು ಮುಖ್ಯ. ಇನ್ಸುಲಿನ್ ಇದ್ದದ್ದರಿಂದ ಊಟದ ಹೊತ್ತು ತಪ್ಪದಂತೆ ನೋಡಿಕೊಂಡರು.

ಎರಡು ವಾರಕ್ಕೆ ಹುಣ್ಣಿನ ತಳದಲ್ಲಿ ಕೆಂಪು ಹಸಿ ಮಾಂಸ ಕಾಣಿಸಿತು. ಯಜಮಾನರನ್ನೇ ಕರೆದು ತೋರಿಸಿದೆವು. ಹೊಲದಲ್ಲಿ ಬಿತ್ತಿದ್ದು ಮೊಳೆತದ್ದನ್ನು ನೋಡುವಂತೆ ಬಗ್ಗಿ ನೋಡಿದರು. ಮುಂದಿನ ವಾರ ಮೊಟ್ಟೆ ಕೊಡಲು ಅವರೇ ಒಪ್ಪಿದರು, ಬೆಳ್ಳಗಿನ ಭಾಗ ಮಾತ್ರ. ಅಜ್ಜಿ ಪೂರ್ತಿ ಮೊಟ್ಟೆ ಕೇಳಿ ತಿಂದರು.

ಡ್ರೆಸ್ಸಿಂಗ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಉಪ್ಪು, ಅದರಿಂದ ತೊಳೆಯುವುದು. ಅದೇ ದಿನ ಬಳಸಿ ಉಳಿದದ್ದನ್ನು ಚೆಲ್ಲುವುದು. ಅದೇ ನೀರಿನಲ್ಲಿ ಹಿಂಡಿದ ಗಾಜ್ ಸಡಿಲವಾಗಿ ಟೊಳ್ಳಿನೊಳಗೂ ತುಂಬುವುದು, ಗಿಡಿಯಬಾರದು. ಮೊದಲ ದಿನಗಳ ವಾಸನೆಗೆ ಡಾಕ್ಟರ ಸಲಹೆಯಂತೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿದೆವು. ವಾಸನೆ ನಿಂತ ಮೇಲೆ ಪಕ್ಕದ ಮನೆಯವರು ಮತ್ತೆ ಬರತೊಡಗಿದರು. ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲು ಪ್ಯಾರಸಿಟಮಾಲ್. ಡೈಪರ್ ರಾತ್ರಿಗೆ ಮಾತ್ರ ಇಟ್ಟು, ಹಗಲು ಊಟವಾದ ಮೇಲೆ ಬೆಡ್‌ಪ್ಯಾನ್ ಕೊಡುವ ಅಭ್ಯಾಸ ಮಾಡಿದರು. ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಕ್ರೀಮ್.

ಹುಣ್ಣು ನಿಂತುಬಿಟ್ಟ ಎರಡು ವಾರ

ಎರಡನೇ ತಿಂಗಳ ಕೊನೆಗೆ ಅಳತೆ 4 ಸೆಂಟಿಮೀಟರ್ ಉದ್ದ, 3 ಅಗಲಕ್ಕೆ ಇಳಿದಿತ್ತು. ಆಮೇಲೆ ಎರಡು ವಾರ ಅಲ್ಲೇ ನಿಂತಿತು. ಅಂಚು ಬಿಳಿಚಿಕೊಂಡಿತ್ತು. ಕೆಳ ಅಂಚಿನಲ್ಲಿ ಹೊಸದಾಗಿ ರಕ್ತ ಒಸರುತ್ತಿತ್ತು. ಸಕ್ಕರೆ ಹತೋಟಿಯಲ್ಲಿತ್ತು, ಊಟ ಸರಿಯಿತ್ತು, ಸೋಂಕಿನ ಲಕ್ಷಣ ಇರಲಿಲ್ಲ. ಮಗ ಮುಲಾಮು ಬದಲಿಸೋಣ, ದುಬಾರಿಯದು ಬರೆಸಿ ಅಂದ.

ಮುಲಾಮು ಬದಲಿಸುವ ಮುಂಚೆ ಇಡೀ ದಿನದ ಕಥೆ ಕೇಳಿದೆವು. ಅಜ್ಜಿ ಚೇತರಿಸಿಕೊಂಡಿದ್ದಾರೆ ಅಂತ ಖುಷಿಯಲ್ಲಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಸಂಜೆ ಆರರಿಂದ ಒಂಬತ್ತು, ಧಾರಾವಾಹಿ ಮುಗಿಯುವವರೆಗೆ. ಎಡಭಾಗದಲ್ಲಿ ಶಕ್ತಿಯಿಲ್ಲದ ಅಜ್ಜಿ ನಿಧಾನಕ್ಕೆ ಮುಂದಕ್ಕೆ ಜಾರಿ, ಬಾಲದ ಮೂಳೆಯ ಮೇಲೇ ಕೂರುತ್ತಿದ್ದರು. ಕೂತಾಗ ಭಾರ ಬೀಳುವ ಜಾಗ ಚಿಕ್ಕದು, ಒತ್ತಡ ಮಲಗಿದಾಗಿನದಕ್ಕಿಂತ ಜಾಸ್ತಿ.

ಕೂರಿಸುವುದನ್ನು ಪೂರ್ತಿ ನಿಲ್ಲಿಸಬೇಕೇ ಅನ್ನುವುದು ತಂಡದಲ್ಲಿ ಚರ್ಚೆಯಾಯಿತು. ಹುಣ್ಣಿಗಷ್ಟೇ ನೋಡಿದರೆ ನಿಲ್ಲಿಸುವುದು ಸರಿ. ಆದರೆ ಕೂರುವುದರಿಂದ ಎದೆಯಲ್ಲಿ ಕಫ ಕಟ್ಟುವುದು ತಪ್ಪುತ್ತದೆ, ಊಟ ಚೆನ್ನಾಗಿ ಇಳಿಯುತ್ತದೆ, ಎಲ್ಲಕ್ಕಿಂತ ಜಾಸ್ತಿ ಅಜ್ಜಿಗೆ ಅದೇ ಖುಷಿ. ಊಟದ ಹೊತ್ತಿಗೆ ಮಾತ್ರ, ಮುಕ್ಕಾಲು ಗಂಟೆ ಮೀರದಂತೆ ಕೂರಿಸೋಣ ಅಂತ ತೀರ್ಮಾನವಾಯಿತು. ಕೈಹಿಡಿ ಇರುವ ಮರದ ಕುರ್ಚಿ, ನಾಲ್ಕು ಇಂಚಿನ ಫೋಮ್, ಪಾದ ನೆಲಕ್ಕೆ ಊರುವಂತೆ ಒಂದು ಮಣೆ. ನಡುನಡುವೆ ಮೊಮ್ಮಗಳು ಅವರನ್ನು ಒಂದು ಪಕ್ಕಕ್ಕೆ, ಇನ್ನೊಂದು ಪಕ್ಕಕ್ಕೆ ಒಂದೊಂದು ನಿಮಿಷ ವಾಲಿಸುತ್ತಿದ್ದಳು. ಧಾರಾವಾಹಿಯನ್ನು ಮಲಗಿಯೇ ನೋಡಬೇಕು, ತಲೆದಿಂಬು 30 ಡಿಗ್ರಿಗಿಂತ ಏರಿಸುವ ಹಾಗಿಲ್ಲ. ಮುಲಾಮು ಬದಲಿಸಲಿಲ್ಲ. ಹತ್ತು ದಿನದಲ್ಲಿ ಅಂಚು ಮತ್ತೆ ಒಳಗೆ ಸರಿಯತೊಡಗಿತು.

ಆದದ್ದು, ಉಳಿದದ್ದು

ಬಾಲದ ಮೂಳೆಯ ಹುಣ್ಣು ಪೂರ್ತಿ ಮುಚ್ಚಲು ಐದು ತಿಂಗಳ ಹತ್ತಿರ ಹಿಡಿಯಿತು. ಹಿಮ್ಮಡಿಯ ಹಕ್ಕಳೆ ಅದಕ್ಕೂ ಮೊದಲೇ ಅಂಚಿನಿಂದ ಬಿಟ್ಟು ತಾನೇ ಉದುರಿತು, ಕೆಳಗೆ ತೆಳ್ಳಗಿನ ಹೊಸ ಚರ್ಮವಿತ್ತು.

ಇಂಥ ಮನೆಗಳಿಗೆ ಹೋಗುವವರಿಗೆ ಈ ಪ್ರಕರಣದಲ್ಲಿ ನೋಡಬೇಕಾದದ್ದು ಡ್ರೆಸ್ಸಿಂಗ್ ಕಿಟ್ಟಿಗಿಂತ ಆ ಮನೆಯ ದಿನಚರಿ ಅಂತ ನನ್ನ ಅನಿಸಿಕೆ. ಎಷ್ಟಕ್ಕೆ ಏಳುತ್ತಾರೆ, ಯಾರು ಎತ್ತಬಲ್ಲರು, ಯಾವುದನ್ನು ನಂಜು ಅನ್ನುತ್ತಾರೆ, ಸಂಜೆ ರೋಗಿ ಎಲ್ಲಿ ಕೂರುತ್ತಾರೆ ಅನ್ನುವುದು ಗೊತ್ತಾಗದೆ ಬರೆದುಕೊಟ್ಟ ಚಾರ್ಟಿಗೆ ಟಿಕ್ ಮಾತ್ರ ಬೀಳುತ್ತದೆ. ಮಗ ದುಡ್ಡು ಕೊಡಲು ಸಿದ್ಧನಿದ್ದ, ಆದರೆ ಕೊರತೆ ಇದ್ದದ್ದು ಕೈಗಳದ್ದು. ಮೂರನೇ ತಿಂಗಳಿಂದ ಶನಿವಾರದ ರಾತ್ರಿ ಪಾಳಿ ಅವನದಾಯಿತು. ಸೊಸೆಗೆ ವಾರದಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆ. ಅವಳ ಸೊಂಟನೋವು ಇನ್ನೂ ಹೋಗಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ನಡೆಯುತ್ತಿದೆ.

ಮಾಯ್ದ ಜಾಗದ ಚರ್ಮ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ, ಹೆಚ್ಚೆಂದರೆ ಮೊದಲಿನ ಶೇಕಡಾ 80ರಷ್ಟು ಶಕ್ತಿ ಬರುತ್ತದೆ. ಹಾಗಾಗಿ ಹೊರಳಿಸುವುದು, ಹಿಮ್ಮಡಿ ತೇಲಿಸುವುದು ಯಾವುದೂ ನಿಂತಿಲ್ಲ. ಹುಣ್ಣು ಮುಚ್ಚಿದ ಕೆಲವು ವಾರಕ್ಕೆ ಬಲ ಸೊಂಟದ ಮೂಳೆಯ ಮೇಲೆ ಒಂದು ರೂಪಾಯಿ ಅಗಲ ಚರ್ಮ ಬಿಸಿಯಾಗಿ, ಗಟ್ಟಿಯಾಗಿತ್ತು. ಸಂಜೆ ಟಾರ್ಚ್ ಹಿಡಿದು ನೋಡುವಾಗ ಸೊಸೆಯ ಕೈಗೆ ಸಿಕ್ಕಿತು. ಅವಳು ಎಣ್ಣೆ ಹಚ್ಚಲಿಲ್ಲ, ತಿಕ್ಕಲಿಲ್ಲ. ಎರಡು ದಿನ ಆ ಮಗ್ಗಲಿಗೆ ಮಲಗಿಸದೆ, ನಮಗೆ ಫೋನ್ ಮಾಡಿದಳು. ನಾವು ಹೋಗಿ ನೋಡುವಷ್ಟರಲ್ಲಿ ಬಿಸಿ ಇಳಿದು ಚರ್ಮ ಮಾಮೂಲಿನಂತಾಗಿತ್ತು. ಬಲ ಮಗ್ಗಲಿಗೆ ಇಡುವ ದಿಂಬು ತೆಳುವಾಗಿ ಹೋಗಿತ್ತು, ಅದನ್ನು ಬದಲಿಸಿ ಬಂದೆವು.